ಖಾದಿಮರ ಜೇಬಿಗೆ ಚೀಟಿ ತುಂಬಬೇಡಿ

ಮೊನ್ನೆ ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ನಮ್ಮ ಮೊಹಲ್ಲಾದ ಮಾಷ್ಟ್ರು ಕಾದು ನಿಂತಿದ್ದರು. ಸರಕಾರಿ ಶಾಲೆಯ ಮಾಷ್ಟ್ರು. ಈ ಸಲ ಹಾಜಿಗಳ ಸೇವೆಗೆ ಮಕ್ಕಾಕ್ಕೆ ಹೋಗುವವರ ಪಟ್ಟಿಯಲ್ಲಿ ಅವರ ಹೆಸರು ಬಂದಿದೆ. ತರಬೇತಿ ಮುಗಿದಿದೆ, ಬ್ಯಾಗ್ ಅರ್ಧ ತುಂಬಿದೆ.

"ಉಸ್ತಾದ್, ಒಂದು ಸಂಶಯ ಉಂಟು. ಅವಕಾಶ ಸಿಕ್ಕಿದರೆ ನಾನೂ ಇಹ್ರಾಮ್ ಕಟ್ಟಬೇಕೂಂತ ಇದ್ದೇನೆ. ಆದರೆ ಆಸ್ಪತ್ರೆಗೆ ಸೇರಿದವರ ಹಿಂದೆ ಓಡಿ ಮಿನಾದ ರಾತ್ರಿ ತಪ್ಪಿ ಹೋದರೆ ನನ್ನ ಹಜ್ಜಿನ ಗತಿ ಏನು?" ಎಂದು ಕೇಳಿದರು.

ಈ ಪ್ರಶ್ನೆಯ ಉತ್ತರ ಅವರಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಬೇಕಾದದ್ದು.

ಹಜ್ಜ್ ಕಮಿಟಿಯ ಮೂಲಕ ಹೋಗುವವರ ಜೊತೆ ರಾಜ್ಯಗಳು ಸರಕಾರಿ ನೌಕರರನ್ನು ಸೇವೆಗೆ ಕಳಿಸುತ್ತವೆ. ಮೊದಲು ಇವರನ್ನು ಖಾದಿಮುಲ್ ಹುಜ್ಜಾಜ್ ಎನ್ನುತ್ತಿದ್ದರು, ಈಗ ಕಾಗದದಲ್ಲಿ ಸ್ಟೇಟ್ ಹಜ್ಜ್ ಇನ್ಸ್‌ಪೆಕ್ಟರ್. ನಮ್ಮ ಬಾಯಲ್ಲಿ ಮಾತ್ರ ಖಾದಿಮ್ ಎಂದೇ ಉಳಿದಿದೆ. ಒಬ್ಬರ ಪಾಲಿಗೆ ಸುಮಾರು 150 ಹಾಜಿಗಳು. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗುವಂತಿಲ್ಲ.

ತರಬೇತಿಯಲ್ಲಿ ಏನು ಕಲಿಸಿದರು ಎಂದು ನಾವು ಕೇಳಿದೆವು. ಅಝೀಝಿಯಾದ ಕಟ್ಟಡಗಳಿಂದ ಹರಮ್‌ಗೆ ಬಸ್ಸು ಹತ್ತಿಸುವುದು, ಮಿನಾದ ನಕಾಶೆ ಓದುವುದು, ಹಜ್ಜ್ ಸುವಿಧಾ ಆ್ಯಪ್‌ನಲ್ಲಿ ಬರುವ ದೂರಿಗೆ ಉತ್ತರಿಸುವುದು, ಲಗೇಜು ತಪ್ಪಿದರೆ, ಹಾಜಿ ತಪ್ಪಿದರೆ, ಹಾಜಿ ಮರಣ ಹೊಂದಿದರೆ ಏನು ಮಾಡಬೇಕು ಎಂಬುದು. ಮಿನಾದ ಡೇರೆಗಳೆಲ್ಲ ಒಂದೇ ಬಿಳಿ, ಒಂದೇ ಆಕಾರ. ವುಝೂ ಮಾಡಲು ಹೊರಗೆ ಹೋದ ವಯಸ್ಸಾದವರಿಗೆ ವಾಪಸು ತಮ್ಮ ಡೇರೆ ಸಿಗುವುದಿಲ್ಲ. ಅಲ್ಲಿ ಕಂಬದ ನಂಬರೇ ವಿಳಾಸ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಿದ್ದು ಬಿಸಿಲಿನ ಬಗ್ಗೆಯಂತೆ. 2024ರ ಹಜ್ಜನ್ನು ಯಾರೂ ಮರೆತಿಲ್ಲ. ಮಕ್ಕಾದಲ್ಲಿ ಉಷ್ಣಾಂಶ 51 ಡಿಗ್ರಿ ದಾಟಿತ್ತು. ಸೌದಿ ಸರಕಾರವೇ ಹೇಳಿದ ಲೆಕ್ಕದಲ್ಲಿ 1,301 ಮಂದಿ ಮರಣ ಹೊಂದಿದರು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಬಂದು, ನೆರಳಿಲ್ಲದೆ ಬಿಸಿಲಲ್ಲಿ ದೂರ ನಡೆದವರು. ಅಂಥ ಬಿಸಿಲಲ್ಲಿ ಒಂದು ಬಾಟ್ಲಿ ನೀರು, ಒಂದು ಕೊಡೆ, ಕೈ ಹಿಡಿದು ನೆರಳಿಗೆ ಕೂರಿಸುವ ಒಬ್ಬ ಮನುಷ್ಯ ಎಂದರೆ ಸಣ್ಣ ಸಂಗತಿಯಲ್ಲ.

ಇನ್ನು ಮಾಷ್ಟ್ರ ಸಂಶಯ. ಪ್ರವಾದಿಯವರ (ಸ) ಚಿಕ್ಕಪ್ಪ ಹಝ್ರತ್ ಅಬ್ಬಾಸ್ (ರ) ಅವರಿಗೆ ಹಾಜಿಗಳಿಗೆ ಝಂಝಮ್ ನೀರು ಕುಡಿಸುವ ಹೊಣೆ ಇತ್ತು. ಆ ಕೆಲಸಕ್ಕಾಗಿ ಮಿನಾದ ರಾತ್ರಿಗಳನ್ನು ಮಕ್ಕಾದಲ್ಲಿ ಕಳೆಯಲು ಅವರು ಅನುಮತಿ ಕೇಳಿದರು, ಪ್ರವಾದಿಯವರು (ಸ) ಕೊಟ್ಟರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ರೋಗಿಯ ಆರೈಕೆಗೆ ನಿಂತವರಿಗೂ ಈ ರಿಯಾಯಿತಿ ಉಂಟೆಂದು ನಮ್ಮ ಶಾಫಿಈ ಕಿತಾಬುಗಳು ಹೇಳುತ್ತವೆ. ಹಜ್ಜಿನ ತವಾಫನ್ನು ಗಡಿಬಿಡಿಯಲ್ಲಿ ಹತ್ತರಂದೇ ಮುಗಿಸಬೇಕಾಗಿಲ್ಲ, ನಂತರವೂ ಮಾಡಬಹುದು. ಅರಫಾ ಮಾತ್ರ ತಪ್ಪಬಾರದು, ಅದಿಲ್ಲದೆ ಹಜ್ಜಿಲ್ಲ. ಆದರೆ ಒಂಬತ್ತರ ಮಧ್ಯಾಹ್ನದಿಂದ ಹತ್ತರ ಸುಬಹಿಯೊಳಗೆ ಸ್ವಲ್ಪ ಹೊತ್ತು ಅಲ್ಲಿದ್ದರೂ ಅದು ಸಿಂಧು. ದೀನ್ ಸೇವಕನಿಗೆ ದಾರಿ ಬಿಟ್ಟೇ ಇಟ್ಟಿದೆ.

ಮಾಷ್ಟ್ರ ಮುಖದಲ್ಲಿ ನೆಮ್ಮದಿ ಕಂಡಿತು. ಆಮೇಲೆ ಜೇಬಿನಿಂದ ಒಂದು ಕಂತೆ ಚೀಟಿ ತೆಗೆದು ತೋರಿಸಿದರು. ದುಆಕ್ಕೆ ಹೆಸರುಗಳಿದ್ದರೆ ಪರವಾಗಿಲ್ಲ. ಒಬ್ಬರಿಗೆ ಅಜ್‌ವಾ ಖರ್ಜೂರ ಎರಡು ಕಿಲೋ, ಒಬ್ಬರಿಗೆ ಅತ್ತರ್, ಇನ್ನೊಬ್ಬರಿಗೆ ಮಗಳ ಮದುವೆಗೆ ಬುರ್ಖಾ. ಮತ್ತೊಬ್ಬರು ತೀರಿಹೋದ ತಂದೆಯ ಹೆಸರಲ್ಲಿ ಉಮ್ರಾ ಮಾಡಲು ಹೇಳಿದ್ದಾರೆ. "ಇಲ್ಲ ಅಂತ ಹೇಳ್ಳಿಕ್ಕೆ ನಾಚಿಕೆ ಆಗ್ತದೆ ಉಸ್ತಾದ್" ಎಂದರು.

ನಾಚಿಕೆ ಆಗಬೇಕಾದ್ದು ನಮಗೆ, ಅಲ್ವಾ? ಅವರು ಅಂಗಡಿ ಹುಡುಕುವ ಒಂದು ಗಂಟೆ, ಕಂಬದ ಬುಡದಲ್ಲಿ ಅಳುತ್ತಾ ಕೂತ ಒಬ್ಬ ಅಜ್ಜಿಯ ಪಾಲಿನ ಗಂಟೆ.

ಹಜ್ಜಿಗೆ ಹೊರಟವರ ಮನೆಯಲ್ಲೂ ಸ್ವಲ್ಪ ತಯಾರಿ ನಡೆಯಲಿ. ಕುತ್ತಿಗೆಯ ಕಾರ್ಡು ಸ್ನಾನಕ್ಕೆ ಮಾತ್ರ ತೆಗೆಯಬೇಕೆಂದು ಉಮ್ಮ, ಉಪ್ಪನಿಗೆ ಅಭ್ಯಾಸ ಮಾಡಿಸಿ. ಶುಗರ್, ಬಿ.ಪಿ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆ ಕಟ್ಟಿಕೊಡಿ. ಕರೆ ಬಂದರೆ ಎತ್ತಲು, ತಾವಿರುವ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಮೊಮ್ಮಕ್ಕಳು ಕಲಿಸಲಿ. ದಿನಾ ಸಂಜೆ ಅರ್ಧ ಗಂಟೆ ನಡೆಸಿ. ಕೈಕಾಲು ಗಟ್ಟಿ ಇರುವವರು ಎಲ್ಲದಕ್ಕೂ ಖಾದಿಮರನ್ನು ಕರೆಯದಿದ್ದರೆ, ನಿಜವಾಗಿ ಬೇಕಾದವರಿಗೆ ಅವರು ಸಿಗುತ್ತಾರೆ.

ಮಾಷ್ಟ್ರ ಉಮ್ಮ ಇನ್ನೂ ಹಜ್ಜ್ ಮಾಡಿಲ್ಲ. ಊರವರ ಉಮ್ಮಂದಿರನ್ನು ನೋಡಲು ಮಗ ಹೋಗುತ್ತಿದ್ದಾನೆ. ಬೇಸರ ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: "ಬೇಸರ ಇಲ್ಲದೆ ಇರ್ತದಾ? ಅವನು ಹೋಗಿ ಬರ್ಲಿ. ನನ್ನದು ಅಲ್ಲಾಹು ಬರೆದಾಗ."

ಮಾಷ್ಟ್ರು ಇಲ್ಲದ ದಿನಗಳಲ್ಲಿ ಆ ಉಮ್ಮನ ಮಾತ್ರೆ ತರುವುದು, ರಾತ್ರಿ ಒಮ್ಮೆ ಬಾಗಿಲಲ್ಲಿ ನಿಂತು ವಿಚಾರಿಸುವುದು ಮೊಹಲ್ಲಾದ ಹುಡುಗರ ಕೆಲಸ ಎಂದು ಮದ್ರಸದಲ್ಲಿ ನಿಗದಿ ಮಾಡಿದ್ದೇವೆ. ನಿಮ್ಮ ಮೊಹಲ್ಲಾದಿಂದಲೂ ಖಾದಿಮರು ಹೊರಟಿದ್ದರೆ, ಚೀಟಿ ಕೊಡುವ ಬದಲು ಅವರ ಮನೆಯ ಕಡೆ ಒಮ್ಮೆ ಹೋಗಿ ಬನ್ನಿ.