ನೋಲ್: ಮಗಳಿಗೆ ದಕ್ಕದ ಮನೆ

ಇಂಗ್ಲೆಂಡಿನ ಕೆಂಟ್ ಪ್ರಾಂತದ ಸೆವೆನೋಕ್ಸ್ ಪಟ್ಟಣದ ಅಂಚಿನಲ್ಲಿ, ಜಿಂಕೆಗಳು ಮೇಯುವ ಸಾವಿರ ಎಕರೆಯ ಉಪವನದ ನಡುವೆ ನೋಲ್ ಎಂಬ ಮನೆಯಿದೆ. ಮನೆಯೆಂದರೆ ನಗು ಬಂದೀತು. ದೂರದಿಂದ ಅದು ಒಂದು ಊರಿನಂತೆಯೇ ತೋರುತ್ತದೆ. ವಾರದ ದಿನಗಳಷ್ಟು ಅಂಗಳಗಳು, ವರ್ಷದ ವಾರಗಳಷ್ಟು ಮೆಟ್ಟಿಲಸಾಲುಗಳು, ವರ್ಷದ ದಿನಗಳಷ್ಟು ಕೋಣೆಗಳು ಅಲ್ಲಿವೆಯೆಂದು ಪ್ರತೀತಿ. ಹಟ ಹಿಡಿದು ಎಣಿಸುವುದು ಬೇಡ. ಪ್ರತೀತಿ ಪ್ರತೀತಿಯಾಗಿದ್ದರೇ ಚೆನ್ನು.

1456ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೌರ್ಷಿಯರ್ ಈ ಸ್ಥಳವನ್ನು ಕೊಂಡು ಭವನವನ್ನು ಕಟ್ಟಿಸಿದ. ಎಂಟನೆಯ ಹೆನ್ರಿಯ ಕಣ್ಣು ಅದರ ಮೇಲೆ ಬಿದ್ದದ್ದರಿಂದ 1538ರಲ್ಲಿ ಆರ್ಚ್‌ಬಿಷಪ್ ಕ್ರಾನ್ಮರ್ ಅದನ್ನು ಅರಸನಿಗೆ ಒಪ್ಪಿಸಬೇಕಾಯಿತು. 17ನೆಯ ಶತಮಾನದ ಆರಂಭದಲ್ಲಿ ಮನೆ ಥಾಮಸ್ ಸ್ಯಾಕ್‌ವಿಲ್‌ನ ಕೈಸೇರಿತು. ಈತ ರಾಜ್ಯದ ಖಜಾನೆಯ ಅಧಿಪತಿ. ಆದರೆ ಸಾಹಿತ್ಯಪ್ರಿಯರು ಅವನನ್ನು ನೆನೆಯುವುದು ಬೇರೊಂದು ಕಾರಣಕ್ಕೆ. ಥಾಮಸ್ ನಾರ್ಟನ್ನನ ಜೊತೆಗೂಡಿ ಅವನು ರಚಿಸಿದ ‘ಗೊರ್ಬೊಡಕ್’, ಬ್ಲ್ಯಾಂಕ್ ವರ್ಸಿನಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ದುರಂತನಾಟಕ. ನಮ್ಮ ಸರಳರಗಳೆಗೆ ಪ್ರೇರಣೆಯಾದ ಛಂದಸ್ಸು ಅದೇ ಅಲ್ಲವೇ?

ಅವನು ಮನೆಯನ್ನು ಮರುರೂಪಿಸುತ್ತಿದ್ದ ಕಾಲದ ಒಂದು ಕುರುಹು 2014ರಲ್ಲಿ ದೊರೆಯಿತು. ಅರಸ ಒಂದನೆಯ ಜೇಮ್ಸನಿಗಾಗಿ ಅಣಿಮಾಡಿದ್ದ ಕೋಣೆಯ ನೆಲಹಲಗೆಗಳ ಕೆಳಗಿನ ತೊಲೆಗಳಲ್ಲಿ, ದುಷ್ಟಶಕ್ತಿ ತಟ್ಟದಿರಲೆಂದು ಬಡಗಿಗಳು ಗೀಚಿದ ಗೆರೆಗಳಿದ್ದವು. ಸಂಸತ್ತನ್ನು ಸಿಡಿಸುವ 1605ರ ಒಳಸಂಚು ಬಯಲಾದ ಹೊಸತರಲ್ಲಿ ಕಡಿದ ಮರಗಳವು. ಅರಸನನ್ನು ಕಾಯುವ ಭಾರ ಬಡಗಿಯ ಉಳಿಗೂ ಬಿದ್ದಿತ್ತು.

ಇಷ್ಟೆಲ್ಲ ಚರಿತ್ರೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು 1928ನೆಯ ಇಸವಿ. ಕವಿ, ಕಾದಂಬರಿಕಾರ್ತಿ ವೀಟಾ ಸ್ಯಾಕ್‌ವಿಲ್-ವೆಸ್ಟ್ 1892ರಲ್ಲಿ ನೋಲಿನಲ್ಲೇ ಹುಟ್ಟಿದವಳು, ತಂದೆತಾಯಿಗೆ ಒಬ್ಬಳೇ ಮಗಳು. 1922ರಲ್ಲಿ ಆ ಮನೆಯ ಮತ್ತು ಮನೆತನದ ಚರಿತ್ರೆಯನ್ನೂ ಬರೆದಿದ್ದಳು. ಆದರೆ ಆಸ್ತಿ ಗಂಡಿಗೇ ಸಲ್ಲತಕ್ಕದ್ದೆಂಬುದು ಅಲ್ಲಿನ ಕಟ್ಟಳೆ. ಆ ವರ್ಷದ ಜನವರಿಯಲ್ಲಿ ತಂದೆ ತೀರಿಕೊಂಡೊಡನೆ ಮನೆ ಚಿಕ್ಕಪ್ಪನಿಗೆ ಹೋಯಿತು. ಒಂದೊಂದು ಕೋಣೆಯ ಕಥೆಯನ್ನೂ ಬಲ್ಲವಳು ಹೊರಗಿನವಳಾದಳು.

ಅದೇ ವರ್ಷದ ಅಕ್ಟೋಬರಿನಲ್ಲಿ ಗೆಳತಿ ವರ್ಜೀನಿಯಾ ವುಲ್ಫ್ ‘ಒರ್ಲ್ಯಾಂಡೊ’ ಕಾದಂಬರಿಯನ್ನು ಪ್ರಕಟಿಸಿ ವೀಟಾಳಿಗೆ ಅರ್ಪಿಸಿದಳು. ಅದರ ನಾಯಕ ಎಲಿಜಬೆತ್ ರಾಣಿಯ ಕಾಲದಿಂದ 1928ರವರೆಗೆ ಬದುಕುತ್ತಾನೆ. ನಡುವೆ ಒಂದು ದಿನ ಹೆಣ್ಣಾಗಿ ಕಣ್ಣು ತೆರೆಯುತ್ತಾನೆ. ನೋಲನ್ನೇ ಹೋಲುವ ಮನೆಗಾಗಿ ವ್ಯಾಜ್ಯ ನಡೆಯುತ್ತದೆ, ಕೊನೆಗೆ ಮನೆ ಅವಳಿಗೇ ಉಳಿಯುತ್ತದೆ. ನ್ಯಾಯಾಲಯ ಕೊಡಲಾರದ್ದನ್ನು ಕಾದಂಬರಿ ಕೊಟ್ಟಿತು.

1946ರಲ್ಲಿ ನೋಲ್ ನ್ಯಾಷನಲ್ ಟ್ರಸ್ಟಿನ ಪಾಲಾಯಿತು. ವುಲ್ಫ್ ಗೆಳತಿಗೆ ಕೊಟ್ಟ ‘ಒರ್ಲ್ಯಾಂಡೊ’ದ ಹಸ್ತಪ್ರತಿ ಈಗ ಆ ಮನೆಯಲ್ಲೇ ಇದೆ.