ಗಂಜಿ ತೆಳಿ, ಎಂಜಲು, ಲಿಂಬೆಹುಳಿ

ಕೆರಾಡಿ ಕಡೆಯ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಬರವಿಲ್ಲ. ಆರಿದ ಗಂಜಿ ತೆಳಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿ. ಅದು ಪಿಷ್ಟದ ಗುರುತು. ಮೊದಲೇ ಎಂಜಲು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ನೀಲಿ ಬರೋದಿಲ್ಲ. ಎಂಜಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡಿರುತ್ತದೆ.

ಈ ಕಿಣ್ವಕ್ಕೆ ಪಿಎಚ್ 7ರ ಆಸುಪಾಸು ಹಿತ. ಆಮ್ಲ ಜಾಸ್ತಿಯಾದರೆ ಅದರ ಆಕಾರವೇ ಕೆಡುತ್ತದೆ, ಪಿಷ್ಟ ಹಾಗೇ ಉಳಿಯುತ್ತದೆ.

ಶಾಲೆಯಲ್ಲಿ ಇದನ್ನು ತೋರಿಸೋಕೆ ಲಿಂಬೆರಸ ಹಿಂಡಿದರೆ ಎಡವಟ್ಟು. ಅದರ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ. ಮಕ್ಕಳು 'ಹುಳಿಯಲ್ಲೂ ಕಿಣ್ವ ಕೆಲಸ ಮಾಡಿತು' ಅಂತ ಬರೆದುಕೊಳ್ತಾರೆ! ಬದಲಿಗೆ ವಿನಿಗರ್ ಬಳಸಿ. ಎಂಜಲು ಹಾಕದ ಒಂದು ಪ್ರನಾಳವನ್ನೂ ಪಕ್ಕದಲ್ಲಿಡಿ. ಅದರಲ್ಲೂ ನೀಲಿ ಹೋದರೆ, ಬಣ್ಣ ಕಳೆದದ್ದು ಕಿಣ್ವವಲ್ಲ ಅಂತ ಗೊತ್ತಾಗುತ್ತೆ.