ಫೋಲ್ಡರ್ ಹೋದರೂ ಹೆಸರು ಹೋಗದು

ಯಾವುದಾದರೂ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ಎಡಗಡೆಯ ಪಟ್ಟಿ ನೋಡಿ. ಎಂದೋ ಅಚ್ಚಾಗಿ ಮುಗಿದ ಲಗ್ನಪತ್ರಿಕೆಯ ಫೋಲ್ಡರ್, ಗಿರಾಕಿ ತಂದು ವಾಪಸ್ ಒಯ್ದ ಪೆನ್‌ಡ್ರೈವಿನ ಫೋಲ್ಡರ್, ಈಗ ಇಲ್ಲದ ಇನ್ನೊಂದು ಕಂಪ್ಯೂಟರಿನ ಫೋಲ್ಡರ್, ಎಲ್ಲವೂ ಸಾಲಾಗಿ ನಿಂತಿರುತ್ತವೆ. ಊರು ಬಿಟ್ಟವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದುಕೊಂಡ ಹಾಗೆ. ಒತ್ತಿದರೆ ತೆರೆಯುವುದಿಲ್ಲ. ರೈಟ್ ಕ್ಲಿಕ್ ಮಾಡಿ ‘ಅನ್‌ಪಿನ್’ ಎಂದರೆ ಕೆಲವೊಮ್ಮೆ ಕದಲುವುದೂ ಇಲ್ಲ.

ಆ ಹೆಸರುಗಳೆಲ್ಲ ಅಸಲಿಗೆ ಶಾರ್ಟ್‌ಕಟ್‌ಗಳು. ಆದರೆ ಈ ಹಟ ಶಾರ್ಟ್‌ಕಟ್ಟಿನ ಹುಟ್ಟುಗುಣವೇನಲ್ಲ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ‘ಸಿಂಬಾಲಿಕ್ ಲಿಂಕ್’ ಇತ್ತು. ಇನ್ನೊಂದು ಫೈಲಿನ ವಿಳಾಸವನ್ನಷ್ಟೇ ಹೊತ್ತ ಪುಟ್ಟ ಫೈಲ್ ಅದು. ವಿಳಾಸದಲ್ಲಿ ಯಾರೂ ಇಲ್ಲದಿದ್ದರೂ ಅಳಿಸಿದರೆ ಸುಮ್ಮನೆ ಅಳಿಯುತ್ತಿತ್ತು. 1991ರಲ್ಲಿ ಆ್ಯಪಲ್‌ನ ಸಿಸ್ಟಮ್ 7 ‘ಅಲಿಯಾಸ್’ ತಂದಿತು. ಅದರ ಹೆಸರು ಓರೆ ಅಕ್ಷರಗಳಲ್ಲಿ ಕಾಣುತ್ತಿತ್ತು. ವಿಳಾಸದ ಜೊತೆಗೆ ಫೈಲಿನ ಗುರುತುಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತಿದ್ದುದರಿಂದ ಮೂಲ ಫೈಲನ್ನು ಬೇರೆಡೆಗೆ ಸರಿಸಿದರೂ ಪತ್ತೆಹಚ್ಚುತ್ತಿತ್ತು.

ನಮ್ಮಲ್ಲಿ ಹೆಚ್ಚಿನವರಿಗೆ ಶಾರ್ಟ್‌ಕಟ್ ಪರಿಚಯವಾದದ್ದು ವಿಂಡೋಸ್ 95ರಿಂದ. ಅದು ಬಿಡುಗಡೆಯಾದದ್ದು 1995ರ ಆಗಸ್ಟ್ 24ರಂದು. ಐಕಾನಿನ ಮೂಲೆಯಲ್ಲಿ ಸಣ್ಣ ಬಾಣ, ಹೆಸರಿನ ಕೊನೆಗೆ ಕಣ್ಣಿಗೆ ಬೀಳದ ‘ಡಾಟ್ ಎಲ್‌ಎನ್‌ಕೆ’. ಬಾಣದ ಅರ್ಥ ತಿಳಿಯದವರು ಪತ್ರವನ್ನೇ ಕಾಪಿ ಮಾಡಿದೆವೆಂದುಕೊಂಡು ಅದರ ಶಾರ್ಟ್‌ಕಟ್ಟನ್ನು ಫ್ಲಾಪಿಯಲ್ಲಿ ಒಯ್ಯುತ್ತಿದ್ದುದೂ ಉಂಟು. ಆದರೂ ಆ ಶಾರ್ಟ್‌ಕಟ್ ನಾವೇ ಮಾಡಿದ್ದು, ನಮ್ಮ ಕಣ್ಣೆದುರೇ ಇದ್ದದ್ದು. ಬೇಡವಾದರೆ ಡಿಲೀಟ್ ಒತ್ತಿದರೆ ಮುಗಿಯಿತು.

2007ರಲ್ಲಿ ಬಂದ ವಿಸ್ತಾ ಎಕ್ಸ್‌ಪ್ಲೋರರಿನ ಎಡಗಡೆ ನೆಚ್ಚಿನ ಕೊಂಡಿಗಳ ಪಟ್ಟಿಯೊಂದನ್ನು ಇಟ್ಟಿತು. 2009ರ ವಿಂಡೋಸ್ 7ರಲ್ಲಿ ಅದೇ ‘ಫೇವರಿಟ್ಸ್’ ಆಯಿತು. ಆ ಪಟ್ಟಿಯ ಹಿಂದೆ ಗುಟ್ಟೇನೂ ಇರಲಿಲ್ಲ. ನಮ್ಮ ಯೂಸರ್ ಫೋಲ್ಡರಿನೊಳಗೆ ‘ಲಿಂಕ್ಸ್’ ಎಂಬ ಫೋಲ್ಡರ್, ಅದರೊಳಗೆ ಮಾಮೂಲಿ ಶಾರ್ಟ್‌ಕಟ್‌ಗಳು. ಅಲ್ಲಿ ಒಂದನ್ನು ಅಳಿಸಿದರೆ ಇಲ್ಲಿ ಒಂದು ಕಡಿಮೆಯಾಗುತ್ತಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ನೇರವಾದ ವ್ಯವಸ್ಥೆ ವಿಂಡೋಸ್‌ನಲ್ಲಿ ಮುಂದೆ ಬರಲಿಲ್ಲ.

ಅದೇ ವಿಂಡೋಸ್ 7 ಇನ್ನೊಂದು ಹೊಸ ವಸ್ತುವನ್ನೂ ತಂದಿತ್ತು: ಟಾಸ್ಕ್‌ಬಾರಿನ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಏಳುವ ‘ಜಂಪ್ ಲಿಸ್ಟ್’. ಇತ್ತೀಚೆಗೆ ಏನೇನು ತೆರೆದೆವು, ಯಾವುದನ್ನು ಪದೇಪದೇ ತೆರೆದೆವು ಎಂಬ ಲೆಕ್ಕ ಬರೆಯುವವರು ನಾವಲ್ಲ, ಯಂತ್ರ. ಆ ಲೆಕ್ಕವನ್ನು ಅದು ‘ಆಟೊಮ್ಯಾಟಿಕ್ ಡೆಸ್ಟಿನೇಷನ್ಸ್’ ಎಂಬ ಮರೆಯ ಫೋಲ್ಡರಿನಲ್ಲಿ, ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಫೈಲಿನಂತೆ ಇಡುತ್ತದೆ. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ಫೇವರಿಟ್ಸ್ ಹೋಗಿ ‘ಕ್ವಿಕ್ ಆ್ಯಕ್ಸೆಸ್’ ಬಂತು. ಅದು ಲಿಂಕ್ಸ್ ಫೋಲ್ಡರನ್ನು ಬಿಟ್ಟು ಜಂಪ್ ಲಿಸ್ಟಿನ ಉಗ್ರಾಣಕ್ಕೆ ವಾಸ ಬದಲಿಸಿತು. ನಾವು ಪಿನ್ ಮಾಡಿದ್ದೂ ಯಂತ್ರ ತಾನಾಗಿ ಊಹಿಸಿ ಸೇರಿಸಿದ್ದೂ ಒಂದೇ ಕಡತಕ್ಕೆ ಬಿದ್ದವು. ಹಟ ಶುರುವಾದದ್ದು ಅಲ್ಲಿಂದ. ಲಿಂಕ್ಸ್ ಫೋಲ್ಡರ್ ವಿಂಡೋಸ್ 10ರಲ್ಲೂ ಹಾಗೇ ಉಳಿದಿದೆ, ಎಡಪಟ್ಟಿ ಮಾತ್ರ ಅದನ್ನು ಕೇಳುವುದಿಲ್ಲ.

ಆ ಕಡತದ ಹೆಸರು ಹದಿನಾರು ಅಕ್ಷರ-ಅಂಕಿಗಳ ಗೋಜಲು. ‘ಎಫ್01ಬಿ4ಡಿ95’ ಎಂದು ಶುರುವಾಗುತ್ತದೆ. ಬಿಡಿಸಿ ನೋಡಿದರೆ ಒಳಗಿರುವುದು 1995ರ ಅದೇ ಡಾಟ್ ಎಲ್‌ಎನ್‌ಕೆ ಶಾರ್ಟ್‌ಕಟ್‌ಗಳು. ಅವುಗಳ ಸರದಿ, ಪಿನ್ ಆಗಿದೆಯೇ ಇಲ್ಲವೇ, ಕೊನೆಗೆ ಮುಟ್ಟಿದ ಹೊತ್ತು ಯಾವುದು ಎಂಬುದನ್ನು ಬರೆದ ಇನ್ನೊಂದು ಪಟ್ಟಿ. ಮಾಲೀಕನಿಗೆ ಬೇಸರ ತರಿಸುವ ಈ ನೆನಪು ಡಿಜಿಟಲ್ ಫೊರೆನ್ಸಿಕ್ ತಜ್ಞರಿಗೆ ಹಬ್ಬ. ಪೆನ್‌ಡ್ರೈವ್ ಕಿತ್ತುಕೊಂಡು ಹೋದ ಮೇಲೂ ಅದರ ವಾಲ್ಯೂಮ್ ಸೀರಿಯಲ್ ಸಂಖ್ಯೆ ಶಾರ್ಟ್‌ಕಟ್ಟಿನ ಹೊಟ್ಟೆಯಲ್ಲಿ ಉಳಿದಿರುತ್ತದೆ.

ಬಿಡಿಸುವ ದಾರಿಗೆ ಬರೋಣ. ಮೊದಲು ಮೆದುವಾದದ್ದು. ಅಳಿಸಿಹೋದ ಫೋಲ್ಡರ್ ಎಲ್ಲಿತ್ತೋ ಅಲ್ಲೇ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿ, ಆಮೇಲೆ ಅನ್‌ಪಿನ್ ಒತ್ತಿ. ಪೆನ್‌ಡ್ರೈವಿನದಾದರೆ ಅದನ್ನು ಮತ್ತೆ ಚುಚ್ಚಿ. ಅನೇಕ ಸಲ ಇಷ್ಟಕ್ಕೇ ಬಿಡುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿರುವ ‘ಕ್ಲಿಯರ್’ ಗುಂಡಿಯನ್ನು ನೆಚ್ಚಬೇಡಿ. ಅದು ಇತ್ತೀಚಿನವುಗಳ ಚರಿತ್ರೆಯನ್ನು ಒರೆಸುತ್ತದೆ, ಪಿನ್‌ಗಳಿಗೆ ಕೈ ಹಾಕುವುದಿಲ್ಲ.

ಅದಕ್ಕೂ ಜಗ್ಗದಿದ್ದರೆ ಕಡತವನ್ನೇ ತೆಗೆಯಬೇಕು. ಯೂಸರ್ ಫೋಲ್ಡರಿನಲ್ಲಿ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ವಿಂಡೋಸ್, ರೀಸೆಂಟ್ ಎಂದು ಇಳಿಯುತ್ತ ಹೋದರೆ ಆಟೊಮ್ಯಾಟಿಕ್ ಡೆಸ್ಟಿನೇಷನ್ಸ್ ಇದೆ. ಅದು ಮರೆಯಲ್ಲಿರುವುದರಿಂದ ದಾರಿಯನ್ನು ಅಡ್ರೆಸ್ ಬಾರಿನಲ್ಲಿ ಪೂರ್ತಿ ಟೈಪ್ ಮಾಡುವುದು ಲೇಸು. ಮೇಲೆ ಹೇಳಿದ ಫೈಲಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟು ಮೂಲವನ್ನು ಅಳಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡಿದರೆ ಹೊಸ ಕಡತ ತಾನೇ ಹುಟ್ಟುತ್ತದೆ. ಹಟಮಾರಿಯ ಜೊತೆಗೆ ಉಳಿದ ಪಿನ್‌ಗಳೂ ಹೋಗಿರುತ್ತವೆ; ಬೇಕಾದವನ್ನು ಮತ್ತೆ ಪಿನ್ ಮಾಡಿಕೊಳ್ಳಬೇಕು. ವಿಂಡೋಸ್ 11ಕ್ಕೂ ಮದ್ದು ಇದೇ.

ಎಡಪಟ್ಟಿಯ ಎಲ್ಲ ಹೆಸರಿಗೂ ಈ ಮದ್ದು ನಾಟದು. 2017ರ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ‘ದಿಸ್ ಪಿಸಿ’ ಅಡಿಯಲ್ಲಿ ‘3ಡಿ ಆಬ್ಜೆಕ್ಟ್ಸ್’ ಎಂಬ ಫೋಲ್ಡರ್ ತಂದು ಕೂರಿಸಿತು. ಪೇಂಟ್ 3ಡಿ ಎಂಬ ತನ್ನ ಪ್ರೋಗ್ರಾಮಿನಲ್ಲಿ ಜನ ಬೊಂಬೆಗಳನ್ನು ಮಾಡಿ ತುಂಬುತ್ತಾರೆಂಬ ನಿರೀಕ್ಷೆ. ಅದನ್ನು ಪಿನ್ ಮಾಡಿದವರು ನಾವಲ್ಲವಾದ್ದರಿಂದ ಅನ್‌ಪಿನ್ನೂ ಇರಲಿಲ್ಲ. ಪಟ್ಟಿಯಿಂದ ತೆಗೆಯಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಗೆ ಇಳಿದು ಅದರ ಕೀಯನ್ನು ಅಳಿಸಬೇಕಿತ್ತು. ಪೇಂಟ್ 3ಡಿಯನ್ನೇ 2024ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಸ್ಟೋರಿನಿಂದ ಇಳಿಸಿತು.